‘ದೋಸಾ’ ನೋಡಿ ಕೊಳ್ಳಿ

ಜಪಾನಿನ ಹರಾಜು ಸೈಟುಗಳಲ್ಲಿ ಹಳೆಯ ವಿಡಿಯೊ ಗೇಮ್ ಸಾಮಾನು ಹುಡುಕೋರು ಮೊದಲು ಕಲಿಯಬೇಕಾದ ಪದ ‘ದೋಸಾ’. ಮಸಾಲೆಗೂ ಇದಕ್ಕೂ ಸಂಬಂಧ ಇಲ್ಲ. ಯಂತ್ರ ಕೆಲಸ ಮಾಡುವುದಕ್ಕೆ ಜಪಾನಿಯಲ್ಲಿ ದೋಸಾ ಅಂತಾರೆ. ‘ದೋಸಾ ಕಕುನಿನ್ ಜುಮಿ’ ಅಂದ್ರೆ ಓಡಿಸಿ ನೋಡಿದ್ದೇವೆ, ನಡೀತಿದೆ. ‘ದೋಸಾ ಮಿಕಕುನಿನ್’ ಅಂದ್ರೆ ಓಡಿಸಿ ನೋಡಿಲ್ಲ. ಎರಡನೆಯದಕ್ಕೆ ನನ್ನ ಅನುವಾದ ಬೇರೆ: ನೋಡಿದ್ವಿ, ಆಗ್ಲಿಲ್ಲ, ಹೇಳೋಕೆ ಮನಸ್ಸಿಲ್ಲ. ಇವೆರಡರ ಆಚೆ ‘ಜಂಕ್’ ಅಂತ ಇನ್ನೊಂದು ವರ್ಗ ಇದೆ. ಅದರಲ್ಲಿ ಕೊಂಡಮೇಲೆ ದೂರು ಹೇಳೋ ಹಾಗೇ ಇಲ್ಲ.

ಹೋದ ವರ್ಷ ನಾನು ಕೊಂಡದ್ದು ಈ ಜಂಕ್ ರಾಶಿಯಿಂದಲೇ. ವಸ್ತುವಿನ ಹೆಸರು ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್. ಹೆಸರು ಹೊಸದು ಅನ್ನಿಸಿದರೂ ಇದರ ಅಣ್ಣನ ಪರಿಚಯ ನಿಮಗೆ ಖಂಡಿತ ಇದೆ. ಚಿಕ್ಕವರಿದ್ದಾಗ ಜಾತ್ರೆಯಲ್ಲೋ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಕೊಡಿಸಿದ ಕೆಂಪು-ಬಿಳಿ ಟಿವಿ ಗೇಮ್ ನೆನಪಿದೆಯಾ? ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಮತ್ತೆ ಹಾಕ್ತಿದ್ದೆವಲ್ಲ, ಅದು. ಅದು ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಟ್ಟ ‘ಫ್ಯಾಮಿಲಿ ಕಂಪ್ಯೂಟರ್’ನ ನಕಲು. ಜಪಾನಿನವರು ಪ್ರೀತಿಯಿಂದ ಅದನ್ನು ಫ್ಯಾಮಿಕಾಮ್ ಅಂತ ಕರೆದರು. ನಮ್ಮ ಕ್ಯಾಸೆಟ್ಟುಗಳಲ್ಲಿದ್ದ ಆ 60 ಪಿನ್ನುಗಳು ಅದೇ ಫ್ಯಾಮಿಕಾಮಿನ 60 ಪಿನ್ನುಗಳು. ನಮಗೆ ಬಂದದ್ದು ಕ್ಯಾಸೆಟ್ ಮಾತ್ರ. ಜಪಾನಿನ ಮಕ್ಕಳಿಗೆ 1986ರ ಫೆಬ್ರವರಿ 21ರಂದು ಇನ್ನೊಂದು ಬಂತು: ಫ್ಯಾಮಿಕಾಮಿನ ಕೆಳಗೆ ಕೂರುವ ಒಂದು ಡಿಸ್ಕ್ ಡ್ರೈವ್. ಬೆಲೆ 15,000 ಯೆನ್. ಫ್ಯಾಮಿಕಾಮ್ ಬೆಲೆ 14,800 ಯೆನ್ ಇತ್ತು. ಅಂದರೆ ಮಗುವಿಗಿಂತ ಮಗುವಿನ ಜೋಳಿಗೆ 200 ಯೆನ್ ಜಾಸ್ತಿ.

ಯಾಕೆ ಬೇಕಿತ್ತು ಈ ಡ್ರೈವ್? ಆಗ ಕ್ಯಾಸೆಟ್ ಒಳಗಿನ ಚಿಪ್ ದುಬಾರಿ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್, ಅದರ ಕ್ಯಾಸೆಟ್ಟಿಗೆ 4,900 ಯೆನ್. (ಇವತ್ತು ವಾಟ್ಸಾಪ್‌ನಲ್ಲಿ ಬರೋ ಒಂದು ‘ಶುಭೋದಯ’ ಚಿತ್ರ ಇದಕ್ಕಿಂತ ದೊಡ್ಡದು.) ಡಿಸ್ಕಿನ ಒಂದೊಂದು ಬದಿಗೆ 56 ಕಿಲೋಬೈಟ್, ಎರಡೂ ಸೇರಿದರೆ 112. ಅದಕ್ಕಿಂತ ದೊಡ್ಡ ವಿಷಯ, ಡಿಸ್ಕಿನ ಮೇಲೆ ಮತ್ತೆ ಬರೆಯಬಹುದಿತ್ತು. ಆಟ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಬಹುದು. ಒಂದು ಆಟ ಬೇಜಾರಾದರೆ ಡಿಸ್ಕನ್ನು ಅಂಗಡಿಗೆ ಒಯ್ದು, ಅಲ್ಲಿದ್ದ ‘ಡಿಸ್ಕ್ ರೈಟರ್’ ಯಂತ್ರಕ್ಕೆ ಹಾಕಿಸಿ 500 ಯೆನ್ ಕೊಟ್ಟರೆ ಹಳೆಯ ಆಟ ಅಳಿಸಿ ಹೊಸದನ್ನು ಬರೆದುಕೊಡುತ್ತಿದ್ದರು. ಆಪ್ ಸ್ಟೋರ್ ಅನ್ನೋ ಕಲ್ಪನೆ ನಮ್ಮ ಕೈಗೆ ಬರೋಕೆ ಎರಡು ದಶಕ ಮೊದಲೇ ಜಪಾನಿನ ಆಟಿಕೆ ಅಂಗಡಿಯ ಮೂಲೆಯಲ್ಲಿ ನಿಂತಿತ್ತು.

ಆದರೆ ಈ ಜಾಣತನಕ್ಕೆ ಆಯುಷ್ಯ ಕಡಿಮೆ. ಅದೇ ವರ್ಷದ ಜೂನ್‌ನಲ್ಲಿ ಕ್ಯಾಪ್ಕಾಮ್ ಕಂಪನಿ ‘ಮಕಾಯ್‌ಮುರಾ’ ಅನ್ನೋ ಆಟವನ್ನು 128 ಕಿಲೋಬೈಟ್ ಕ್ಯಾಸೆಟ್ಟಿನಲ್ಲಿ ತಂದಿತು. ನಾಲ್ಕೇ ತಿಂಗಳಲ್ಲಿ ಡಿಸ್ಕಿಗಿಂತ ಕ್ಯಾಸೆಟ್ ದೊಡ್ಡದಾಯಿತು. ಮುಂದೆ ಕ್ಯಾಸೆಟ್ಟಿನೊಳಗೇ ಬ್ಯಾಟರಿ ಇಟ್ಟು ಸೇವ್ ಮಾಡೋದೂ ಬಂತು. ಡಿಸ್ಕಿನ ಮೊದಲ ದಿನವೇ ಬಿಡುಗಡೆಯಾದ ‘ದಿ ಲೆಜೆಂಡ್ ಆಫ್ ಜೆಲ್ಡಾ’ 1987ರಲ್ಲಿ ಅಮೆರಿಕಕ್ಕೆ ಹೋದದ್ದು ಬಂಗಾರ ಬಣ್ಣದ ಕ್ಯಾಸೆಟ್ಟಾಗಿ. ಡ್ರೈವ್ ಜಪಾನ್ ಬಿಟ್ಟು ಹೊರಗೆ ಅಧಿಕೃತವಾಗಿ ಕಾಲಿಡಲೇ ಇಲ್ಲ. ಆದರೂ ನಿಂಟೆಂಡೊ ಡಿಸ್ಕಿಗೆ ಆಟ ಬರೆದುಕೊಡೋ ಸೇವೆಯನ್ನು 2003ರವರೆಗೆ ನಡೆಸಿತು. 2003! ನಾನು ಕೆಲಸ ಮಾಡಿದ ಪ್ರಾಜೆಕ್ಟುಗಳಲ್ಲಿ ಮೂರು ವರ್ಷ ಬದುಕಿದ್ದು ಒಂದೋ ಎರಡೋ.

ಈಗ ಕೊಳ್ಳುವ ವಿಷಯ.

ಡಿಸ್ಕ್ ಸಿಸ್ಟಮ್ ಎರಡು ತುಂಡು. ಒಂದು ಡ್ರೈವ್, ಇನ್ನೊಂದು ‘ರ‍್ಯಾಮ್ ಅಡಾಪ್ಟರ್’. ಈ ಅಡಾಪ್ಟರ್ ಫ್ಯಾಮಿಕಾಮಿನ ಕ್ಯಾಸೆಟ್ ಗೂಡಿಗೆ ಕೂರುತ್ತೆ, ಅದರಿಂದ ಒಂದು ಕೇಬಲ್ ಇಳಿದು ಡ್ರೈವಿಗೆ ಹೋಗುತ್ತೆ. ಆಟಕ್ಕೆ ಬೇಕಾದ ಮೆಮೊರಿ, ಹೆಚ್ಚುವರಿ ಒಂದು ಸಂಗೀತದ ಚಾನೆಲ್, ಶುರುವಾಗುವಾಗಿನ ಪರದೆ ಎಲ್ಲ ಇರುವುದು ಅಡಾಪ್ಟರಿನಲ್ಲಿ. ಇದನ್ನು ಚೆನ್ನಾಗಿ ನೆನಪಿಡಿ, ಯಾಕಂದ್ರೆ ದುಡ್ಡು ಉಳಿಯೋದು ಇಲ್ಲೇ. ಸ್ವಿಚ್ ಹಾಕಿದ ಕೂಡಲೇ ನಿಂಟೆಂಡೊ ಹೆಸರಿನ ಪರದೆ ಬರುತ್ತೆ. ಡಿಸ್ಕ್ ಹಾಕದೆ ಕಾದರೆ ಮಾರಿಯೋ, ಲುಯಿಜಿ ಇಬ್ಬರೂ ಅಟ್ಟಾಡಿಸಿಕೊಂಡು ದೀಪದ ಸ್ವಿಚ್ಚಿಗೆ ಜಗಳ ಆಡ್ತಾರೆ. ಬಹಳ ಮುದ್ದಾಗಿದೆ. ಮಾರುವವರು ಇದರ ಫೋಟೊ ಹಾಕಿ ‘ನೋಡಿ, ನಡೀತಿದೆ’ ಅಂತಾರೆ. ಆ ಪರದೆ ಬರೋಕೆ ಡ್ರೈವ್ ಬೇಕಾಗಿಯೇ ಇಲ್ಲ! ಡ್ರೈವ್ ಸತ್ತು ಹದಿನೈದು ವರ್ಷ ಆಗಿದ್ರೂ ಮಾರಿಯೋ ದೀಪ ಆರಿಸ್ತಾನೇ ಇರ್ತಾನೆ. ಡಿಸ್ಕಿನಿಂದ ಲೋಡ್ ಆದ ಆಟದ ಪರದೆಯ ಫೋಟೊ ಕೇಳಿ. ಅದಿಲ್ಲದಿದ್ದರೆ ಜಂಕ್ ಬೆಲೆಗಿಂತ ಒಂದು ಯೆನ್ ಹೆಚ್ಚು ಕೊಡಬೇಡಿ.

ಡ್ರೈವ್ ಸಾಯಲು ಕಾರಣ ಬಹುಪಾಲು ಒಂದೇ. ಮೋಟಾರಿನಿಂದ ಡಿಸ್ಕಿಗೆ ತಿರುಗುವ ಶಕ್ತಿ ಒಯ್ಯುವ ಒಂದು ತೆಳ್ಳನೆ ರಬ್ಬರ್ ಬೆಲ್ಟ್. ಮೂರು-ನಾಲ್ಕು ದಶಕ ಆದಮೇಲೆ ಅದು ತುಂಡಾಗುವುದಷ್ಟೇ ಅಲ್ಲ, ಕರಗಿ ಟಾರಿನ ಹಾಗೆ ಅಂಟಿಕೊಳ್ಳುತ್ತೆ. ನನ್ನ ಡ್ರೈವ್ ಬಿಚ್ಚಿದಾಗ ಒಳಗೆ ಕಂಡದ್ದು ಬೆಲ್ಟ್ ಅಲ್ಲ, ಅಂಟಿದ ಕರೀಬೇಲದ ಹಣ್ಣಿನ ತಿರುಳು. ಐಸೊಪ್ರೊಪೈಲ್ ಆಲ್ಕೊಹಾಲ್, ಕಿವಿಗೆ ಹಾಕೋ ಹತ್ತಿಕಡ್ಡಿ, ಒಂದು ಭಾನುವಾರ. ಅಮ್ಮ ಅಡುಗೆಮನೆಯಿಂದ ಹಣಿಕಿ ನೋಡಿ, ‘ಹೊಸದು ತಗೊಳ್ಳೋಕೆ ಸಂಬಳ ಸಾಲಲ್ವಾ?’ ಅಂದಳು.

ಹೊಸ ಬೆಲ್ಟ್ ಸಿಗುತ್ತೆ, ಬೆಲೆಯೂ ಹೆಚ್ಚಿಲ್ಲ. ತಲೆನೋವು ಅದಾದಮೇಲೆ. ಸಾಮಾನ್ಯ ಫ್ಲಾಪಿಯಲ್ಲಿ ಒಂದರೊಳಗೊಂದು ವೃತ್ತಗಳ ಹಾಗೆ ಡೇಟಾ ಇರುತ್ತೆ. ಈ ಡಿಸ್ಕಿನಲ್ಲಿ ಗ್ರಾಮಫೋನ್ ತಟ್ಟೆಯ ಹಾಗೆ ಒಂದೇ ಸುರುಳಿ. ಓದುವ ತಲೆ ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ ಒಂದೇ ಗುಕ್ಕಿನಲ್ಲಿ ಹೋಗುತ್ತೆ, ಮತ್ತೆ ಮೊದಲಿಗೆ ಬರುತ್ತೆ. ಆದ್ದರಿಂದ ಡಿಸ್ಕ್ ಯಾವ ಕೋನದಲ್ಲಿರುವಾಗ ತಲೆ ಹೊರಡಬೇಕು ಅನ್ನೋದು ನಿಖರವಾಗಿರಬೇಕು. ಬೆಲ್ಟ್ ಬದಲಿಸುವಾಗ ಅದು ಒಂಚೂರು ಸರಿದರೂ ಡಿಸ್ಕ್ ಓದಲ್ಲ. ಒಂದು ಪುಟ್ಟ ಸ್ಕ್ರೂ ಸಡಿಲಿಸು, ಕೂದಲೆಳೆಯಷ್ಟು ತಿರುಗಿಸು, ಬಿಗಿ ಮಾಡು, ಡಿಸ್ಕ್ ಹಾಕು, ನೋಡು. ಪರದೆ ಮೇಲೆ ಎರರ್ ನಂಬರ್. ಡಿಸ್ಕ್ ಸರಿಯಾಗಿ ಕೂತಿಲ್ಲ ಅಂದ್ರೆ 01, ಬ್ಯಾಟರಿ ಅಥವಾ ಕರೆಂಟಿನ ತೊಂದರೆಗೆ 02, ಎ ಬದಿಗೆ ಬದಲು ಬಿ ಬದಿ ಹಾಕಿದರೆ 07. ಇವು ಬಂದರೆ ಹಬ್ಬ. ಇಪ್ಪತ್ತರ ಮೇಲಿನ ನಂಬರ್ ಬಂದರೆ ಮತ್ತೆ ಸ್ಕ್ರೂ. ಕಚೇರಿಯಲ್ಲಿ ಎರರ್ ಬಂದರೆ ಪುಟಗಟ್ಟಲೆ ಲಾಗ್ ಇರುತ್ತೆ, ಆದರೂ ಬೈಕೊಳ್ತೀವಿ. ಇಲ್ಲಿ ಎರಡೇ ಅಂಕಿ. ನನಗೆ ಐದು ರಾತ್ರಿ ಹಿಡೀತು. ಆರನೇ ರಾತ್ರಿ ಏಳೆಂಟು ಸೆಕೆಂಡ್ ಗರಗರ ಸದ್ದಾಗಿ ಜೆಲ್ಡಾದ ಜಲಪಾತ ಕಂಡಿತು. ಹೆಚ್ಚುವರಿ ಚಾನೆಲ್ಲಿನ ದೆಸೆಯಿಂದ ಆ ಸಂಗೀತ ಕ್ಯಾಸೆಟ್ಟಿನದಕ್ಕಿಂತ ತುಂಬು. ಹನ್ನೊಂದೂವರೆ ರಾತ್ರಿಯಲ್ಲಿ ಕೇಳಿದ್ದಕ್ಕೆ ಹಾಗನ್ನಿಸಿದ್ದಲ್ಲ, ಮಾರನೇ ದಿನ ಬೆಳಿಗ್ಗೆಯೂ ಕೇಳಿ ನೋಡಿದೆ.

ಕರೆಂಟಿನ ಬಗ್ಗೆ ಒಂದು ಮಾತು. ಜಪಾನಿನಲ್ಲಿ 100 ವೋಲ್ಟ್, ನಮ್ಮಲ್ಲಿ 230. ಅಲ್ಲಿಂದ ಬಂದ ಅಡಾಪ್ಟರನ್ನು ನೇರ ಗೋಡೆಗೆ ಚುಚ್ಚಿದರೆ ಹೊಗೆ. ಡ್ರೈವಿಗೆ ಆರು ಸಿ ಸೈಜ್ ಸೆಲ್ ಹಾಕುವ ಜಾಗ ಇದೆ, ಮೊದಲ ಪರೀಕ್ಷೆಗೆ ಅದೇ ಕ್ಷೇಮ. ಹಳೆಯ ಫ್ಯಾಮಿಕಾಮಿನಲ್ಲಿ ಆಂಟೆನಾ ದಾರಿಯ ಔಟ್‌ಪುಟ್ ಮಾತ್ರ ಇದೆ, ಅದೂ ಜಪಾನಿನ ಚಾನೆಲ್ಲಿಗೆ. ನಮ್ಮ ಟಿವಿಗೆ ಸುಲಭವಾಗಿ ಹಿಡಿಯಲ್ಲ. 1993ರಲ್ಲಿ ಬಂದ ಎವಿ ಔಟ್‌ಪುಟ್ಟಿನ ಮಾದರಿ ತಗೊಂಡರೆ ಈ ರಗಳೆ ಇಲ್ಲ. ಶಾರ್ಪ್ ಕಂಪನಿ ಫ್ಯಾಮಿಕಾಮನ್ನೂ ಡ್ರೈವನ್ನೂ ಒಂದೇ ಡಬ್ಬಿಗೆ ಸೇರಿಸಿ 1986ರಲ್ಲೇ ‘ಟ್ವಿನ್ ಫ್ಯಾಮಿಕಾಮ್’ ಮಾಡಿತ್ತು. ನೋಡೋಕೆ ಚಂದ, ಆದರೆ ಭಾರ, ಅಂದರೆ ಸಾಗಣೆ ಖರ್ಚು. ನನ್ನದರಲ್ಲೇ ಸಾಮಾನಿಗಿಂತ ಸಾಗಣೆ ಮತ್ತು ಸುಂಕ ಸೇರಿ ಹೆಚ್ಚಾಯಿತು. ಹರಾಜು ಬೆಲೆ ನೋಡಿ ಕುಣಿಯಬೇಡಿ, ಮಧ್ಯವರ್ತಿ ಸೈಟಿನ ಶುಲ್ಕ, ತೂಕ, ಕಸ್ಟಮ್ಸ್ ಎಲ್ಲ ಕೂಡಿಸಿ ನೋಡಿ.

ನಿಮಗೆ ಆಟ ಆಡೋದಷ್ಟೇ ಬೇಕಾ? ಹಾಗಿದ್ರೆ ಡ್ರೈವ್ ಕೊಳ್ಳಲೇಬೇಡಿ. ರ‍್ಯಾಮ್ ಅಡಾಪ್ಟರ್ ಒಂದನ್ನೇ ತಗೊಂಡು, ಡ್ರೈವಿನ ಬದಲು ಕೂರುವ ‘ಎಫ್‌ಡಿಎಸ್ ಸ್ಟಿಕ್’ ಥರದ ಯುಎಸ್‌ಬಿ ಸಾಧನ ಹಾಕಿ. ಬೆಲ್ಟೂ ಇಲ್ಲ, ಸ್ಕ್ರೂವೂ ಇಲ್ಲ. ಅದೂ ಬೇಡ ಅಂದ್ರೆ ಫೋನಿನಲ್ಲೇ ಎಮ್ಯುಲೇಟರ್ ಇದೆ. ನನ್ನ ಗೆಳೆಯ ಮೆಟ್ರೊದಲ್ಲಿ ನಿಂತುಕೊಂಡೇ ಜೆಲ್ಡಾ ಮುಗಿಸಿದ. ‘ನಿನ್ನದು ಸಂಗ್ರಹ ಅಲ್ಲ, ಸಾಕಾಣಿಕೆ’ ಅಂತ ನನ್ನನ್ನು ಆಡ್ಕೊಳ್ತಾನೆ.

ಅವನಿಗೆ ಫೋನಿನಲ್ಲಿ ಸಿಗದ ಒಂದು ಸಂಗತಿ ನನಗೆ ಸಿಕ್ಕಿತು. ಡ್ರೈವಿನ ಜೊತೆಗೆ ಬಂದದ್ದು ಒಂದೇ ಒಂದು ಹಳದಿ ಡಿಸ್ಕ್. ಹಳದಿಯವಕ್ಕೆ ಮುಚ್ಚಳ ಇಲ್ಲ, ಒಳಗಿನ ಕಂದು ಹಾಳೆ ಬರಿಗಣ್ಣಿಗೆ ಕಾಣುತ್ತೆ. ಕೊಳ್ಳುವಾಗ ಅಲ್ಲಿ ಬಿಳಿ ಚುಕ್ಕೆ, ಬೂಷ್ಟು ಇದೆಯಾ ನೋಡಬೇಕು, ಬೂಷ್ಟು ಹಿಡಿದ ಡಿಸ್ಕ್ ಡ್ರೈವಿನ ತಲೆಯನ್ನೂ ಕೆಡಿಸುತ್ತೆ. ನನ್ನದು ಶುಭ್ರವಾಗಿತ್ತು. ಕೆಳಗಿನ ಅಂಚಿನಲ್ಲಿ ನಿಂಟೆಂಡೊ ಅಂತ ಅಚ್ಚು ಕೊರೆದಿದೆ. ಡ್ರೈವಿನ ಒಳಗೆ ಆ ಅಕ್ಷರಗಳಿಗೆ ಸರಿಹೊಂದುವ ಅಚ್ಚು ಇದೆ, ಅಕ್ಷರ ಇಲ್ಲದ ನಕಲಿ ಡಿಸ್ಕ್ ಒಳಗೆ ಕೂರದಿರಲಿ ಅಂತ. ನಕಲಿಯವರು ಒಂದಕ್ಷರ ತಿರುಚಿ ‘ನಿನ್ಫೆಂಡೊ’ ಅಂತ ಕೊರೆದು ಪಾರಾದರು. ನಮ್ಮೂರಿನ ‘ಅಡಿಬಾಸ್’ ಚಪ್ಪಲಿಗಳ ದಾಯಾದಿ.

ಜೆಲ್ಡಾದಲ್ಲಿ ಮೂವರ ಆಟ ಸೇವ್ ಮಾಡಬಹುದು. ಆ ಡಿಸ್ಕಿನಲ್ಲಿ ಮೂರೂ ತುಂಬಿದ್ದವು. ಮೂರು ಹೆಸರು, ಪಕ್ಕದಲ್ಲಿ ಯಾರು ಎಷ್ಟು ಸಲ ಸತ್ತರು ಅನ್ನೋ ಲೆಕ್ಕ. ಮೊದಲನೆಯದು ಎರಡಂಕಿ, ಎರಡನೆಯದು ಮೂರಂಕಿ. ಮೂರನೆಯವರು ನಾಲ್ಕೇ ಸಲ ಸತ್ತು ಬಿಟ್ಟುಬಿಟ್ಟಿದ್ದಾರೆ. ಅಣ್ಣ, ತಮ್ಮ, ಪಕ್ಕದ ಮನೆಯ ಹುಡುಗಿ ಅಂತ ನಾನೇ ಕಟ್ಟಿಕೊಂಡೆ, ಇನ್ನೇನಾದರೂ ಇರಬಹುದು. ಈಗ ಅವರಿಗೆ ನನಗಿಂತ ಹತ್ತಿಪ್ಪತ್ತು ವರ್ಷ ಹೆಚ್ಚಿರಬೇಕು. ನಾನು ಆಡಬೇಕಾದರೆ ಒಬ್ಬರನ್ನು ಅಳಿಸಬೇಕು. ನಾಲ್ಕು ಸಲ ಸತ್ತವರನ್ನು ಅಳಿಸಿದರೆ ಯಾರಿಗೇನು ನಷ್ಟ ಅಂತ ನನ್ನೊಳಗಿನ ಎಂಜಿನಿಯರ್ ಹೇಳಿದ, ಬಟನ್ ಮೇಲೆ ಬೆರಳೂ ಹೋಯಿತು. ಆದರೆ ಇದಕ್ಕೆ ಬ್ಯಾಕಪ್ ಇಲ್ಲ. ಆಟದ ಪ್ರತಿ ಜಗತ್ತಿನಲ್ಲಿ ಲಕ್ಷ ಕಡೆ ಇದೆ, ಈ ನಾಲ್ಕು ಸಾವು ಇರೋದು ಈ ಒಂದೇ ಹಾಳೆಯ ಮೇಲೆ. ಅದೂ ಕಾಂತಗುಣ, ವರ್ಷವರ್ಷಕ್ಕೆ ಮಸುಕಾಗೋದೇ. ಆಫೀಸಿನಲ್ಲಿ ಗ್ರಾಹಕರ ಡೇಟಾ ಅಳಿಸೋಕೆ ಮೂರು ಜನರ ಒಪ್ಪಿಗೆ ಕೇಳ್ತೀವಿ. ಇಲ್ಲಿ ಕೇಳೋಕೆ ಯಾರಿದ್ದಾರೆ?

ಅಳಿಸಲಿಲ್ಲ. ಡಿಸ್ಕನ್ನು ಅದರ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಸ್ಪೀಕರಿನಿಂದ ದೂರ, ಬೀರುವಿನಲ್ಲಿಟ್ಟೆ. ಡಿಸ್ಕಿನಲ್ಲಿರುವುದನ್ನು ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸಿಕೊಳ್ಳೋ ಕೇಬಲ್ ಮಾಡೋ ಹವ್ಯಾಸಿಗಳಿದ್ದಾರೆ, ಅದಕ್ಕೆ ಕಾಯ್ತಿದ್ದೇನೆ. ಅಲ್ಲಿಯವರೆಗೆ ಆಡೋಕೆ ಇರಲಿ ಅಂತ ಹರಾಜಿನಲ್ಲಿ ಇನ್ನೊಂದು ಜೆಲ್ಡಾ ಡಿಸ್ಕ್ ಹಿಡಿದೆ. ಅಗ್ಗ, ಲೇಬಲ್ ಲಕಲಕ ಹೊಳೀತಿತ್ತು, ದೋಸಾ ಮಿಕಕುನಿನ್. ಮೂರು ವಾರಕ್ಕೆ ಬಂತು. ಹಾಕಿದೆ, ಗರಗರ ಅಂತು, ಎರರ್ ಇಲ್ಲ, ಮೊದಲ ಸಲಕ್ಕೇ ಲೋಡ್ ಆಯಿತು. ಪರದೆ ಮೇಲೆ ಜಲಪಾತ ಇಲ್ಲ, ಮಾಜಾಂಗ್ ಆಟ. ಯಾರೋ ಯಾವತ್ತೋ ಅಂಗಡಿಗೆ ಹೋಗಿ 500 ಯೆನ್ ಕೊಟ್ಟು ಜೆಲ್ಡಾ ಅಳಿಸಿ ಮಾಜಾಂಗ್ ಬರೆಸಿದ್ದಾರೆ, ಲೇಬಲ್ ಬದಲಿಸಿಲ್ಲ. ಮನೆಯ ಅಪ್ಪ ಇರಬೇಕು.