ಟೀಚರ್ ಸಂಬಳ: ಬಹುಮಾನ ಮುಖ್ಯವೋ, ಭದ್ರತೆ ಮುಖ್ಯವೋ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮೂರುಗಳಲ್ಲಿ ಕೇಳಿಬರುವ ಮಾತು ಒಂದೇ: "ಚೆನ್ನಾಗಿ ಕಲಿಸುವ ಮಾಸ್ಟ್ರಿಗೂ ಅಷ್ಟೇ ಸಂಬಳ, ಕಲಿಸದವರಿಗೂ ಅಷ್ಟೇ ಸಂಬಳ. ಹೀಗಾದರೆ ಶಾಲೆ ಉದ್ಧಾರವಾಗುವುದು ಹೇಗೆ?" ಫಲಿತಾಂಶ ಕಡಿಮೆಯಾದ ಶಾಲೆಗಳಿಗೆ ಇಲಾಖೆಯ ನೋಟಿಸು ಹೋಗುತ್ತದೆ. ಒಳ್ಳೆಯ ಫಲಿತಾಂಶ ತಂದವರಿಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಫೋಟೋ. ಇದರ ಬದಲು ಫಲಿತಾಂಶಕ್ಕೆ ತಕ್ಕಂತೆ ಹಣವನ್ನೇ ಕೊಟ್ಟರೆ ಹೇಗೆ ಎಂಬ ಸಲಹೆ ಹೊರನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ.

ಆದರೆ ಇದು ಹೊಸ ಸಲಹೆಯಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋವ್ ಎಂಬವರು ಇದನ್ನೇ ಜಾರಿಗೆ ತಂದಿದ್ದರು. ಇನ್‌ಸ್ಪೆಕ್ಟರು ಶಾಲೆಗೆ ಬಂದು ಮಕ್ಕಳ ಓದು, ಬರಹ, ಲೆಕ್ಕ ಪರೀಕ್ಷಿಸಿ, ಪಾಸಾದ ಮಕ್ಕಳ ತಲೆ ಎಣಿಸಿ ಅನುದಾನ ಕೊಡುತ್ತಿದ್ದರು. ಮದರಾಸು ಪ್ರಾಂತ್ಯದ ಅನುದಾನ ನಿಯಮಗಳಲ್ಲಿಯೂ ಫಲಿತಾಂಶ ನೋಡಿ ಹಣ ಕೊಡುವ ಕ್ರಮ ಬಂದಿತ್ತು. ನಮ್ಮ ದಕ್ಷಿಣ ಕನ್ನಡ ಆಗ ಅದೇ ಪ್ರಾಂತ್ಯದ ಜಿಲ್ಲೆ. ಇಂಗ್ಲೆಂಡಿನಲ್ಲಿ ಪರಿಣಾಮ ಏನಾಯಿತು? ಪರೀಕ್ಷೆಗೆ ಬರುವ ಮೂರು ವಿಷಯ ಬಿಟ್ಟು ಉಳಿದೆಲ್ಲ ಪಾಠ ಸೊರಗಿತು, ಮಕ್ಕಳು ಬಾಯಿಪಾಠಕ್ಕೆ ಇಳಿದರು. ಆ ಶತಮಾನ ಮುಗಿಯುವ ಮೊದಲೇ ಅಲ್ಲಿ ಆ ಪದ್ಧತಿಯನ್ನು ಕೈಬಿಡಬೇಕಾಯಿತು.

ಇಂದು ಈ ವಿಷಯವನ್ನು ತೂಗಿ ನೋಡಲು ನಮಗೆ ಇನ್ನೂ ಹತ್ತಿರದ ಕಾಲದ ಒಂದು ಅನುಭವವಿದೆ. ಅದು ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದ್ದು.

ಡೆನ್ವರ್ ನಗರದ ಪ್ರಯೋಗ

ಡೆನ್ವರಿನ ವಿಶೇಷವೆಂದರೆ ಅಲ್ಲಿ ಪ್ರೋತ್ಸಾಹಧನದ ಯೋಜನೆ ಮೇಲಿನಿಂದ ಆದೇಶವಾಗಿ ಬರಲಿಲ್ಲ. ಶಾಲಾ ಆಡಳಿತ ಮತ್ತು ಶಿಕ್ಷಕರ ಸಂಘ ಒಂದೇ ಮೇಜಿನಲ್ಲಿ ಕುಳಿತು ಅದನ್ನು ಕಟ್ಟಿದವು. 1999ರಲ್ಲಿ ಕೆಲವು ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2004ರಲ್ಲಿ ಸಂಘದ ಸದಸ್ಯರು ಮತ ಹಾಕಿ ಒಪ್ಪಿದರು. 2005ರ ನವೆಂಬರಿನಲ್ಲಿ ನಗರದ ಮತದಾರರು ಇದಕ್ಕೆಂದೇ ವರ್ಷಕ್ಕೆ 2.5 ಕೋಟಿ ಡಾಲರ್ ಹೆಚ್ಚುವರಿ ಆಸ್ತಿ ತೆರಿಗೆ ಕೊಡಲು ಸಮ್ಮತಿಸಿದರು. ಟೀಚರುಗಳಿಗಾಗಿ ಜನರು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡದ್ದು ಸಣ್ಣ ಮಾತಲ್ಲ.

'ಪ್ರೊಕಾಂಪ್' ಎಂದು ಕರೆಯಲಾದ ಈ ಯೋಜನೆಯಲ್ಲಿ ಹಲವು ಬಗೆಯ ಪ್ರೋತ್ಸಾಹಧನಗಳಿದ್ದವು. ಬಡ ಮಕ್ಕಳು ಹೆಚ್ಚಿರುವ ಶಾಲೆಯಲ್ಲಿ ಕಲಿಸಿದರೆ ಒಂದು, ಜನ ಸಿಗದ ವಿಷಯ ಕಲಿಸಿದರೆ ಒಂದು, ಮಕ್ಕಳ ಪ್ರಗತಿಗೆ ಒಂದು, ತರಬೇತಿ ಪಡೆದರೆ ಇನ್ನೊಂದು. ಇಡೀ ದೇಶ ಡೆನ್ವರನ್ನು ಮಾದರಿ ಎಂದು ಹೊಗಳಿತು.

ಹದಿಮೂರು ವರ್ಷಗಳ ನಂತರ, 2019ರ ಫೆಬ್ರವರಿ 11ರಂದು, ಅದೇ ಶಿಕ್ಷಕರು ಅದೇ ಯೋಜನೆಯ ವಿರುದ್ಧ ಬೀದಿಗಿಳಿದರು. 1994ರ ನಂತರ ಆ ನಗರ ಕಂಡ ಮೊದಲ ಶಿಕ್ಷಕರ ಮುಷ್ಕರ ಅದು. ಮತ ಹಾಕಿದ ಸದಸ್ಯರಲ್ಲಿ ಶೇ. 93 ಮಂದಿ ಮುಷ್ಕರಕ್ಕೆ ಒಪ್ಪಿಗೆ ಕೊಟ್ಟಿದ್ದರು. ರಾಜ್ಯಪಾಲ ಜೇರೆಡ್ ಪೊಲಿಸ್ ನಡುವೆ ಬರಲು ನಿರಾಕರಿಸಿದ್ದರು. ಸುಮಾರು 92 ಸಾವಿರ ಮಕ್ಕಳ ಶಾಲಾ ವ್ಯವಸ್ಥೆ ಮೂರು ದಿನ ಅಲುಗಾಡಿತು.

ಎಲ್ಲಿ ತಪ್ಪಿತು?

ಶಿಕ್ಷಕರ ದೂರು ಸರಳವಾಗಿತ್ತು: "ಮುಂದಿನ ವರ್ಷ ನನ್ನ ಸಂಬಳ ಎಷ್ಟು ಎಂದು ನನಗೇ ಗೊತ್ತಿಲ್ಲ." ಪ್ರೋತ್ಸಾಹಧನ ಒಂದು ವರ್ಷ ಬರುತ್ತದೆ, ಮರುವರ್ಷ ಶಾಲೆಯ ಅಂಕಿಅಂಶ ಬದಲಾದರೆ ನಿಂತುಹೋಗುತ್ತದೆ. ಲೆಕ್ಕಾಚಾರ ಎಷ್ಟು ಜಟಿಲವೆಂದರೆ ಹಲವರಿಗೆ ಯಾವ ಹಣ ಯಾಕೆ ಬಂತು ಎಂಬುದೇ ತಿಳಿಯುತ್ತಿರಲಿಲ್ಲ. ಏರುವ ಮನೆ ಬಾಡಿಗೆಗೆ ಇಂಥ ಹಣ ಆಧಾರವಾಗುವುದಿಲ್ಲ, ಬ್ಯಾಂಕಿನವರು ಬಹುಮಾನ ನೋಡಿ ಸಾಲ ಕೊಡುವುದಿಲ್ಲ. ಆದ್ದರಿಂದ ಆ ಹಣವನ್ನು ಮೂಲವೇತನಕ್ಕೆ ಸೇರಿಸಿ ಎಂದು ಸಂಘ ಕೇಳಿತು.

ಆಡಳಿತದ ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಅಧೀಕ್ಷಕಿ ಸುಸಾನಾ ಕೊರ್ಡೋವಾ ಅದೇ ಡೆನ್ವರಿನ ಶಾಲೆಗಳಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. ಬಡವರ ಶಾಲೆಯಲ್ಲಿ ಒಳ್ಳೆಯ ಟೀಚರುಗಳನ್ನು ಉಳಿಸಿಕೊಳ್ಳಬೇಕಾದರೆ ಅಲ್ಲಿಗೆ ಹೆಚ್ಚು ಹಣ ಹೋಗಲೇಬೇಕು, ಎಲ್ಲರಿಗೂ ಸಮಾನವಾಗಿ ಹಂಚಿದರೆ ಬಡ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬುದು ಆಡಳಿತದ ನಿಲುವು. ಶಿಕ್ಷಕರ ಉತ್ತರ: ಎರಡು ಸಾವಿರ ಡಾಲರ್ ಬೋನಸ್ ನೋಡಿ ಯಾರೂ ಕಷ್ಟದ ಶಾಲೆಯಲ್ಲಿ ಉಳಿಯುವುದಿಲ್ಲ, ತರಗತಿಯ ಗಾತ್ರ, ಸಹಾಯಕ ಸಿಬ್ಬಂದಿ ಮತ್ತು ಬದುಕಲು ಸಾಕಾಗುವ ಸಂಬಳ ಇದ್ದರೆ ಉಳಿಯುತ್ತಾರೆ.

ರಾತ್ರಿಯಿಡೀ ಮಾತುಕತೆ ನಡೆದು ಫೆಬ್ರವರಿ 14ರ ಬೆಳಿಗ್ಗೆ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಒಪ್ಪಂದವಾಯಿತು. ವಾರ್ಷಿಕ 45,800 ಡಾಲರಿನಿಂದ ಒಂದು ಲಕ್ಷದವರೆಗೆ 20 ಮೆಟ್ಟಿಲುಗಳ ಸ್ಪಷ್ಟ ವೇತನಶ್ರೇಣಿ ಬಂತು. ಬಡವರ ಶಾಲೆಗಳ ಪ್ರೋತ್ಸಾಹಧನ ಪೂರ್ತಿ ರದ್ದಾಗಲಿಲ್ಲ. ಅಂಥ ಶಾಲೆಗಳಿಗೆ 2,000 ಡಾಲರ್, ಅತ್ಯಂತ ಕಷ್ಟದಲ್ಲಿರುವ ಶಾಲೆಗಳಿಗೆ 3,000 ಡಾಲರ್ ಎಂದು ನಿಗದಿಯಾಯಿತು. ಅಂದರೆ ಮೂಲವೇತನ ಭದ್ರವಾಯಿತು, ಕಷ್ಟದ ಜಾಗಕ್ಕೆ ಹೋಗುವವರಿಗೆ ಮೇಲೊಂದಿಷ್ಟು ಉಳಿಯಿತು. ಇದರಲ್ಲಿ ಎರಡೂ ಕಡೆಯ ಸತ್ಯಕ್ಕೆ ಜಾಗವಿತ್ತು.

ಅಧ್ಯಯನಗಳು ಏನು ಹೇಳುತ್ತವೆ?

ಹಣದ ಆಸೆ ತೋರಿಸಿದರೆ ಮಕ್ಕಳ ಕಲಿಕೆ ಹೆಚ್ಚುತ್ತದೆಯೇ? ಇದಕ್ಕೆ ಒಂದೇ ಉತ್ತರವಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮೂರು ವರ್ಷ ಗಣಿತ ಶಿಕ್ಷಕರಿಗೆ 15,000 ಡಾಲರಿನವರೆಗೆ ಬಹುಮಾನ ಇಟ್ಟು ನೋಡಿದರು. 2010ರಲ್ಲಿ ಬಂದ ವರದಿಯ ಪ್ರಕಾರ ಬಹುಮಾನವಿದ್ದವರ ಮಕ್ಕಳಿಗೂ ಇಲ್ಲದವರ ಮಕ್ಕಳಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ನ್ಯೂಯಾರ್ಕಿನಲ್ಲಿ 2007ರಲ್ಲಿ ಆರಂಭವಾದ ಶಾಲಾವಾರು ಬೋನಸ್ ಯೋಜನೆಯೂ ಫಲ ಕೊಡದೆ 2011ರಲ್ಲಿ ನಿಂತಿತು.

ಆದರೆ ನಮ್ಮ ನೆರೆಯ ಆಂಧ್ರ ಪ್ರದೇಶದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ಗ್ರಾಮೀಣ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆಸಿದ ಅಧ್ಯಯನ ಬೇರೆಯೇ ಕಥೆ ಹೇಳಿತು. ಅಲ್ಲಿ ಬಹುಮಾನ ಸರಾಸರಿ ವಾರ್ಷಿಕ ಸಂಬಳದ ಶೇ. 3ರಷ್ಟು ಮಾತ್ರ. ಎರಡು ವರ್ಷಗಳಲ್ಲಿ ಗಣಿತದಲ್ಲಿಯೂ ಭಾಷೆಯಲ್ಲಿಯೂ ಮಕ್ಕಳು ಗಮನಾರ್ಹವಾಗಿ ಮುಂದೆ ಬಂದರು. ಅಲ್ಲಿ ಎಷ್ಟು ಮಂದಿ ಪಾಸಾದರು ಎಂದು ನೋಡಲಿಲ್ಲ, ಪ್ರತಿ ಮಗು ಹಿಂದಿಗಿಂತ ಎಷ್ಟು ಮುಂದೆ ಬಂತು ಎಂಬುದನ್ನು ಅಳೆದರು ಎಂಬುದನ್ನು ಗಮನಿಸಬೇಕು. ಹಾಗೆ ಅಳೆದಾಗ ಹಿಂದುಳಿದ ಮಗುವಿಗೆ ಕಲಿಸಿದರೂ ಲಾಭವಿದೆ.

ಹಾಗೆಂದು ಎಲ್ಲರ ಸಂಬಳ ಏರಿಸಿದರೆ ಸಾಕೇ? ಇಂಡೋನೇಷ್ಯದಲ್ಲಿ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲವೇತನದಷ್ಟೇ ಹೆಚ್ಚುವರಿ ಭತ್ಯೆ ಕೊಟ್ಟರು. ಅವರ ಹಣದ ಚಿಂತೆ ತಗ್ಗಿತು, ಎರಡನೆಯ ಕೆಲಸ ಹುಡುಕುವುದು ಕಡಿಮೆಯಾಯಿತು, ಆದರೆ ಮಕ್ಕಳ ಅಂಕ ಏರಲಿಲ್ಲ. ಸಂಘದವರಿಗೆ ಇದು ಹಿಡಿಸದ ಮಾತಾದರೂ ಅದನ್ನು ಮುಚ್ಚಿಡಬಾರದು. ನ್ಯಾಯವಾದ ಸಂಬಳವನ್ನು ಕೊಡಬೇಕಾದುದು ಅದು ನ್ಯಾಯವಾದ್ದರಿಂದ. ಅದೊಂದೇ ಕಲಿಕೆಯನ್ನು ಮೇಲೆತ್ತುತ್ತದೆ ಎಂದು ಭರವಸೆ ಕೊಡಲಾಗದು.

ನಮ್ಮ ಕರಾವಳಿಗೆ ಬಂದರೆ

ಫಲಿತಾಂಶ ನೋಡಿ ಹಣ ಕೊಡಬೇಕು ಎನ್ನುವವರು ಎಸ್‌ಎಸ್‌ಎಲ್‌ಸಿಯ ಇತ್ತೀಚಿನ ಲೆಕ್ಕ ನೋಡಬೇಕು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆಯೂ ಮೊದಲ ಪರೀಕ್ಷೆಯಲ್ಲಿ ಶೇ. 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವಿಲ್ಲದೆ ಶೇ. 66.14. ಎರಡು ವರ್ಷಗಳಲ್ಲಿ ರಾಜ್ಯದ ಟೀಚರುಗಳೆಲ್ಲ ಕಲಿಸಲು ಮರೆತರೇ? ಇಲ್ಲ. ಅಳೆಯುವ ಕೋಲು ಬದಲಾಯಿತು. ಈ ಮೂರು ವರ್ಷ ಇಂಥ ಕೋಲಿನಿಂದ ಸಂಬಳ ಅಳೆದಿದ್ದರೆ ಯಾರಿಗೆ ಬಹುಮಾನ ಹೋಗುತ್ತಿತ್ತು ಎಂದು ಯೋಚಿಸಿ. ವೆಬ್‌ಕಾಸ್ಟಿಂಗ್ ಬಂದ ಮೇಲೆ ಉಡುಪಿ ಮತ್ತು ದಕ್ಷಿಣ ಕನ್ನಡ ಮೊದಲೆರಡು ಸ್ಥಾನ ಪಡೆದವು ಎಂಬುದು ನಮಗೆ ಹೆಮ್ಮೆಯೇ. ಆದರೆ ಅದು ಮನೆಮನೆಯಲ್ಲಿ ಓದಿದ ತಾಯಂದಿರ ಫಲವೂ ಹೌದು, ತಲೆಮಾರುಗಳಿಂದ ಇದ್ದ ಶಾಲೆಗಳ ಫಲವೂ ಹೌದು. ಅದರ ಬಹುಮಾನ ಕರಾವಳಿಗೆ ಬಂದು ಕಲ್ಯಾಣ ಕರ್ನಾಟಕದ ಟೀಚರ್ ಬರಿಗೈಯಲ್ಲಿ ಉಳಿದರೆ ಅದು ನ್ಯಾಯವಲ್ಲ.

ಇನ್ನು ಮಾತುಕತೆಯ ಬಲದ ವಿಷಯ. 2023ರ ಮಾರ್ಚ್ 1ರಂದು ರಾಜ್ಯ ಸರಕಾರಿ ನೌಕರರು ಮುಷ್ಕರ ಹೂಡಿದಾಗ ಅದೇ ದಿನ ಶೇ. 17ರ ಮಧ್ಯಂತರ ಪರಿಹಾರ ಘೋಷಣೆಯಾಯಿತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಗೆ ಬಂದು ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಒಗ್ಗಟ್ಟಿರುವವರಿಗೆ ದಕ್ಕಬೇಕಾದುದು ದಕ್ಕಿತು, ಸಂತೋಷ.

ಆದರೆ ಅದೇ ಶಾಲೆಯ ಪಕ್ಕದ ತರಗತಿಯಲ್ಲಿ ಅತಿಥಿ ಶಿಕ್ಷಕಿ ಇದ್ದಾರೆ. 2025ರಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಅವರ ಗೌರವಧನ ತಿಂಗಳಿಗೆ 12,000, ಪ್ರೌಢಶಾಲೆಯಲ್ಲಿ 12,500. ಸರಕಾರಿ ನೌಕರರ ಅತಿ ಕಡಿಮೆ ಮೂಲವೇತನದ ಅರ್ಧವೂ ಇಲ್ಲ. ಬಿ.ಎಡ್. ಓದಿದವರು, ಅದೇ ಪಾಠ, ಅದೇ ಮಕ್ಕಳು. ಬೇಸಿಗೆ ರಜೆಯಲ್ಲಿ ಕೈಯಲ್ಲಿ ಏನೂ ಇಲ್ಲ, ಮುಂದಿನ ಜೂನ್‌ನಲ್ಲಿ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಡೆನ್ವರಿನ ಟೀಚರ್ "ಮುಂದಿನ ವರ್ಷ ಸಂಬಳ ಎಷ್ಟು?" ಎಂದು ಕೇಳಿದರೆ, ನಮ್ಮ ಅತಿಥಿ ಶಿಕ್ಷಕಿ "ಮುಂದಿನ ವರ್ಷ ಕೆಲಸ ಉಂಟಾ?" ಎಂದು ಕೇಳುತ್ತಾರೆ. ಅವರ ಪರವಾಗಿ ಮೇಜಿನ ಮುಂದೆ ಕುಳಿತುಕೊಳ್ಳುವವರು ಕಡಿಮೆ.

ಸಂಬಳದಷ್ಟೇ ಮುಖ್ಯವಾದುದು ಕೆಲಸದ ಪರಿಸ್ಥಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಚ್ಚುವಂತಿಲ್ಲ. ಆದರೂ 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಟೀಚರುಗಳೇ ಮನೆಮನೆ ಹತ್ತಿದರು. ಸಮೀಕ್ಷೆ ಮುಗಿಯದೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಪ್ರಶ್ನೆ. ಅದರ ಬೆಲೆಯನ್ನು ತರಗತಿಯ ದಿನಗಳಲ್ಲಿ ತೆತ್ತವರು ಮಕ್ಕಳು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬಿಸುವುದು ಇವೆಲ್ಲ ಮುಗಿದ ಮೇಲೆ ಒಬ್ಬರೇ ಟೀಚರ್ ಇರುವ ಶಾಲೆಯಲ್ಲಿ ಪಾಠಕ್ಕೆ ಎಷ್ಟು ಹೊತ್ತು ಉಳಿಯುತ್ತದೆ? ಅಂಥ ಶಾಲೆಗೆ ಬಹುಮಾನ ಘೋಷಿಸುವ ಮೊದಲು ಇನ್ನೊಬ್ಬರು ಟೀಚರನ್ನು ಕಳುಹಿಸುವುದು ಮೇಲು.

ನಾವೇನು ಮಾಡಬೇಕು?

ಡೆನ್ವರಿನಿಂದ ಕಲಿಯಬೇಕಾದುದು ಮೂರು. ಒಂದು, ಬದುಕಲು ಸಾಕಾಗುವ, ಮೊದಲೇ ಗೊತ್ತಿರುವ ಸಂಬಳ ಅಡಿಪಾಯ. ಎರಡು, ಪ್ರೋತ್ಸಾಹಧನ ಕೊಡುವುದಾದರೆ ಅಂಕಕ್ಕಿಂತ ಮೊದಲು ಕಷ್ಟದ ಜಾಗಕ್ಕೆ ಕೊಡಬೇಕು. ಘಟ್ಟದ ಬುಡದ, ಬಸ್ಸಿಲ್ಲದ ಊರಿನ ಶಾಲೆಗೆ ಹೋಗುವವರಿಗೆ ಅದು ಸಲ್ಲಬೇಕು. ಮೂರು, ಏನೇ ನಿಯಮ ಮಾಡುವುದಿದ್ದರೂ ಕಲಿಸುವವರನ್ನು ಮುಂದೆ ಕುಳ್ಳಿರಿಸಿಯೇ ಮಾಡಬೇಕು, ಕಾಲಕಾಲಕ್ಕೆ ಮತ್ತೆ ಕುಳಿತು ತಿದ್ದಬೇಕು.

ಕೊನೆಗೆ ಒಂದು ಮಾತು ನಮಗೇ. ಸರಕಾರಕ್ಕೆ ಬುದ್ಧಿ ಹೇಳುವುದು ಸುಲಭ. ನಮ್ಮ ಧರ್ಮಕೇಂದ್ರಗಳ ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ತುಂಬಲು ಅನುಮತಿ ಸಿಗದೆ, ಆಡಳಿತ ಮಂಡಳಿಯೇ ಸಂಬಳ ಕೊಡುವ ಟೀಚರುಗಳಿದ್ದಾರೆ. ಅವರಲ್ಲಿ ಹೆಚ್ಚಿನವರು ನಮ್ಮದೇ ವಾಳೆಯ ಹೆಣ್ಣುಮಕ್ಕಳು. "ನಮ್ಮವರೇ ಅಲ್ಲವೇ, ಹೊಂದಿಸಿಕೊಳ್ಳುತ್ತಾರೆ" ಎಂದು ನಾವು ಎಷ್ಟು ಸಲ ಹೇಳಿಲ್ಲ? ಚರ್ಚ್ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಹಬ್ಬದ ಖರ್ಚು, ಸಭಾಭವನದ ದುರಸ್ತಿ ಎಲ್ಲ ಚರ್ಚೆಗೆ ಬರುತ್ತದೆ. ಶಾಲೆಯ ಟೀಚರುಗಳ ಸಂಬಳವೂ ಬರಲಿ. ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತೇವೆ, ರಜೆಯ ತಿಂಗಳಲ್ಲಿ ಕೊಡುತ್ತೇವೆಯೇ, ಭವಿಷ್ಯನಿಧಿ ಇದೆಯೇ ಎಂದು ಗುರಿಕಾರರು ಕೇಳಲಿ, ಸಂಚಾಲಕರು ಉತ್ತರಿಸಲಿ. ಆ ಸಭೆಗೆ ಟೀಚರುಗಳಲ್ಲಿ ಒಬ್ಬರನ್ನಾದರೂ ಕರೆದು, ಅವರ ಮಾತನ್ನು ಮೊದಲು ಕೇಳೋಣ.