ಕಾಯಿಸಿದ ನೀರೂ ಸಾಲದು

ರಾಯಬಾಗ ತಾಲೂಕಿನ ದಿಗ್ಗೇವಾಡಿಯಂಥ ಕೃಷ್ಣಾ ತೀರದ ಊರುಗಳಲ್ಲಿ ಎತ್ತ ನೋಡಿದರೂ ಕಬ್ಬು. ಅದು ಮನೆಗೆ ದುಡ್ಡು ತಂದಿದೆ, ನಿಜ. ಆದರೆ ವರ್ಷವಿಡೀ ನೀರು, ಚೀಲಗಟ್ಟಲೆ ಯೂರಿಯಾ ಬೇಡುವ ಬೆಳೆ ಅದು. ಬೆಳೆ ಹೀರದೆ ಉಳಿದ ಗೊಬ್ಬರ ನೈಟ್ರೇಟ್ ಆಗಿ ನೀರಿನೊಡನೆ ಇಳಿದು ಬಾವಿ, ಬೋರ್‌ವೆಲ್ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಕೂಡದು. ಹೆಚ್ಚಾದರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ತುಟಿ, ಉಗುರು ನೀಲಿಯಾಗಬಹುದು. ಅಮೆರಿಕದ ಅಯೋವಾದಲ್ಲಿ ಬಾವಿ ನೀರು ಬೆರೆಸಿದ ಹಾಲು ಕುಡಿದ ಕೂಸುಗಳಲ್ಲಿ ಇದನ್ನು ಡಾ. ಕಾಮ್ಲಿ 1945ರಲ್ಲೇ ವರದಿ ಮಾಡಿದರು.

'ನೀರು ಕಾಯಿಸಿ ಕುಡಿಯಿರಿ' ಎಂದು ನಾವು ವೈದ್ಯರು ಹೇಳುತ್ತಲೇ ಬಂದಿದ್ದೇವೆ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ; ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಈ ಮಟ್ಟಿಗೆ ನಮ್ಮ ಬುದ್ಧಿವಾದವೂ ಅರ್ಧವೇ.

ಆದ್ದರಿಂದ ಕೂಸಿಗೆ ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಕಬ್ಬಿನ ಊರುಗಳ ಬಾವಿ ನೀರನ್ನು ಮಳೆಗಾಲಕ್ಕೆ ಮುಂಚೆ ಹಾಗೂ ನಂತರ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕು. ರೈತ ಬಾಂಧವರೇ, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಯೂರಿಯಾ ಹಾಕಿರಿ. ಹೆಚ್ಚಿಗೆ ಸುರಿದದ್ದು ನಿಮ್ಮ ಬಾವಿಗೇ ಮರಳುತ್ತದೆ.