ಬೇಲಿಯಾಚೆಯ ಕಳ್ಳರು ಮತ್ತು ನಮ್ಮ ಮಕ್ಕಳ ಕನ್ನಡ

ಕಳೆದ ಭಾನುವಾರ ಐರೋಲಿಯ ನಮ್ಮ ಮನೆಯಲ್ಲಿ ಒಂದೇ ಸಿನಿಮಾ ಮೂರನೇ ಸಲ ಓಡಿತು. 'ಓವರ್ ದಿ ಹೆಜ್' ಎಂಬ ಕಾರ್ಟೂನ್ ಚಿತ್ರ. 2006ರಲ್ಲಿ ಹಾಲಿವುಡ್ಡಿನ ಡ್ರೀಮ್‌ವರ್ಕ್ಸ್ ಸಂಸ್ಥೆ ತಯಾರಿಸಿದ್ದು. ನನ್ನ ಒಂಬತ್ತು ವರ್ಷದ ಮಗ ಸೋಫಾದಲ್ಲಿ ಉರುಳಾಡಿ ನಗುತ್ತಿದ್ದ. ಮೊದಲೆರಡು ಸಲ ಪೇಪರು ಓದುತ್ತಾ ಕುಳಿತಿದ್ದ ನಾನು, ಮೂರನೇ ಸಲ ಪೇಪರು ಮಡಚಿಟ್ಟು ಅವನ ಜೊತೆ ನೋಡಿದೆ. ಅದರ ಪರಿಣಾಮವೇ ಈ ಬರಹ.

ಕಥೆ ಇಷ್ಟು. ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿಕೊಂಡ ಹಾಗೆ ಕಾಣುವ ರಕೂನ್ ಎಂಬ ಪ್ರಾಣಿಯೊಂದು, ಮಲಗಿದ್ದ ಕರಡಿಯ ಗುಹೆಗೆ ನುಗ್ಗಿ ಅದರ ತಿಂಡಿಯ ದಾಸ್ತಾನನ್ನೇ ಕದಿಯಲು ಹೋಗುತ್ತದೆ. ಗಾಡಿ ರಸ್ತೆಗೆ ಉರುಳಿ, ಲಾರಿಯಡಿ ಸಿಕ್ಕಿ ಎಲ್ಲವೂ ಪುಡಿಪುಡಿ. ಹುಣ್ಣಿಮೆಯೊಳಗೆ ಒಂದೂ ಬಿಡದೆ ವಾಪಸು ತಂದಿಡಬೇಕು, ಇಲ್ಲವಾದರೆ ನಿನ್ನನ್ನೇ ತಿನ್ನುತ್ತೇನೆ ಎಂದು ಕರಡಿ ವಾಯಿದೆ ಕೊಡುತ್ತದೆ. ಅತ್ತ ಆಮೆ, ಅಳಿಲು, ಮುಳ್ಳುಹಂದಿ ಮೊದಲಾದ ಪ್ರಾಣಿಗಳ ಒಂದು ಕುಟುಂಬ ಚಳಿಗಾಲದ ನಿದ್ದೆ ಮುಗಿಸಿ ಏಳುವಾಗ ಕಾಡಿನ ಹೆಚ್ಚಿನ ಭಾಗ ಮಾಯವಾಗಿ, ಎದುರಿಗೆ ಒಂದು ಎತ್ತರದ ಹಸಿರು ಬೇಲಿ ನಿಂತಿದೆ. ಬೇಲಿಯಾಚೆ ಸಾಲು ಸಾಲು ಹೊಸ ಮನೆಗಳು. ಇದೇನೆಂದು ತಿಳಿಯದೆ ಹೆದರಿದ ಪ್ರಾಣಿಗಳು, ಹೆಸರೊಂದಿದ್ದರೆ ಭಯ ಕಡಿಮೆಯಾದೀತೆಂದು ಬೇಲಿಗೆ 'ಸ್ಟೀವ್' ಎಂದು ನಾಮಕರಣ ಮಾಡುತ್ತವೆ. ರಕೂನ್ ಈ ಮುಗ್ಧರನ್ನು ಪುಸಲಾಯಿಸಿ, ತರಬೇತಿ ಕೊಟ್ಟು, ಮನೆಮನೆಗಳಿಂದ ತಿಂಡಿ ಕದಿಸುತ್ತದೆ. ಹೌಸಿಂಗ್ ಸೊಸೈಟಿಯ ಅಧ್ಯಕ್ಷೆಯೊಬ್ಬಳಿದ್ದಾಳೆ. ಹುಲ್ಲು ಎಷ್ಟು ಬೆಳೆಯಬೇಕೆಂಬುದಕ್ಕೂ ಅವಳ ಕಾನೂನು. (ಅಂಥವರು ಅಮೆರಿಕದಲ್ಲಿ ಮಾತ್ರ ಇರುವುದಲ್ಲ ಎಂಬುದನ್ನು ನವಿಮುಂಬಯಿಯ ಓದುಗರಿಗೆ ಹೇಳಬೇಕಾಗಿಲ್ಲ.)

ಪ್ರಾಣಿಗಳು ಗುಂಪು ಕಟ್ಟಿ ದರೋಡೆ ಮಾಡುವ ಇಂಥ ಚಿತ್ರಗಳು ಈಗ ಸಾಕಷ್ಟಿವೆ. 2014ರ 'ದಿ ನಟ್ ಜಾಬ್'ನಲ್ಲಿ ಅಳಿಲುಗಳು ಕಡಲೆ ಅಂಗಡಿಗೆ ಕನ್ನ ಹಾಕುತ್ತವೆ. 2022ರ 'ದಿ ಬ್ಯಾಡ್ ಗೈಸ್'ನಲ್ಲಿ ತೋಳ, ಹಾವು, ಶಾರ್ಕ್ ಸೇರಿ ಕಳ್ಳರ ಕೂಟ. ಅದರ ಎರಡನೇ ಭಾಗವೂ 2025ರಲ್ಲಿ ಬಂತು. ನಮ್ಮ ಸೊಸೈಟಿಯ ಹಿರಿಯರೊಬ್ಬರಿಗೆ ಇದೆಲ್ಲ ಸುತರಾಂ ಒಪ್ಪಿಗೆಯಿಲ್ಲ. "ಕದಿಯುವುದನ್ನು ಮಕ್ಕಳಿಗೆ ತಮಾಷೆ ಎಂದು ತೋರಿಸಿದರೆ ನಾಳೆ ಅವರೇನಾದಾರು? ನಮ್ಮ ಪಂಚತಂತ್ರ ತೋರಿಸಿ ಮಾರಾಯ್ರೆ" ಎಂದರು.

ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಅವರು ಪಂಚತಂತ್ರವನ್ನು ಮರೆತಿದ್ದಾರೆ. ಮರಿಗಳನ್ನು ತಿನ್ನುವ ಹಾವನ್ನು ಕೊಲ್ಲಿಸಲು ಕಾಗೆ ಏನು ಮಾಡಿತು? ಅರಮನೆಯ ಚಿನ್ನದ ಸರವನ್ನು ಹಾಡುಹಗಲೇ ಎಗರಿಸಿ ಹಾವಿನ ಬಿಲದ ಬಾಯಿಗೆ ಹಾಕಿತು. ಬೆನ್ನಟ್ಟಿ ಬಂದ ರಾಜಭಟರು ಹಾವನ್ನು ಕೊಂದು ಸರ ಒಯ್ದರು. ಯೋಜನೆ, ಸಮಯಪಾಲನೆ, ಪೊಲೀಸರನ್ನೇ ತನ್ನ ಕೆಲಸಕ್ಕೆ ಬಳಸಿಕೊಳ್ಳುವ ಜಾಣ್ಮೆ, ಯಾವುದು ಕಡಿಮೆ? ಇನ್ನು ಹಿರಣ್ಯಕನೆಂಬ ಇಲಿ. ಸನ್ಯಾಸಿ ಎತ್ತರದ ಗೂಟಕ್ಕೆ ತೂಗುಹಾಕಿದ ಭಿಕ್ಷಾಪಾತ್ರೆಗೆ ಪ್ರತಿರಾತ್ರಿ ನೆಗೆದು ಅನ್ನ ಕದಿಯುತ್ತಿತ್ತು. ಅಷ್ಟೆತ್ತರ ನೆಗೆಯುವ ಶಕ್ತಿ ಇಲಿಗೆ ಎಲ್ಲಿಂದ ಬಂತೆಂದು ಅಗೆದು ನೋಡಿದರೆ ಬಿಲದಡಿಯಲ್ಲಿ ನಿಧಿ! ನಿಧಿ ಹೋದ ದಿನವೇ ಇಲಿಯ ನೆಗೆತವೂ ಹೋಯಿತು, ಹಿಂಬಾಲಕರೂ ಹೋದರು. ಸುಮಾರು ಸಾವಿರ ವರ್ಷಗಳ ಹಿಂದೆ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದರಲ್ಲಿ ಬರುವ ಧರ್ಮಬುದ್ಧಿ-ದುಷ್ಟಬುದ್ಧಿಯರ ಕಥೆಯೂ ಹೂತಿಟ್ಟ ಹಣದ ಕಳವಿನದ್ದೇ. ಕಳ್ಳತನದ ಕಥೆ ಕೇಳಿ ಬೆಳೆದ ನಾವ್ಯಾರೂ ಕಳ್ಳರಾಗಲಿಲ್ಲ. ಆದವರು ಬೇರೆ ಕಾರಣಕ್ಕೆ ಆದರು.

ಅಲ್ಲದೆ ಈ ಚಿತ್ರದಲ್ಲಿ ಮೊದಲ ಕಳ್ಳ ಯಾರು? ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ನಮ್ಮಲ್ಲುಂಟು. ಇಲ್ಲಿ ಬೇಲಿಯೇ ಎದ್ದು ಕಾಡನ್ನು ಮೇಯ್ದಿದೆ. ಮಗ ನಗುತ್ತಿದ್ದಾಗ ನನಗೆ ಕಿಟಕಿಯಾಚೆ ನೋಡುವ ಮನಸ್ಸಾಯಿತು. ಐರೋಲಿ ಹುಟ್ಟಿದ್ದೂ ಹೀಗೇ ಅಲ್ಲವೇ? 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿಮುಂಬಯಿಯ ನಕ್ಷೆ ಬರೆಯುವ ಮೊದಲು ಇಲ್ಲಿ ಆಗ್ರಿ-ಕೋಳಿ ಜನರ ಹಳ್ಳಿಗಳು, ಗದ್ದೆ, ಉಪ್ಪುನೀರಿನ ಖಾರಿ ಇದ್ದವು. ಭೂಮಿಗೆ ನ್ಯಾಯವಾದ ಬೆಲೆ ಕೇಳಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ಉರಣ್ ಭಾಗದ ರೈತರು ಬೀದಿಗಿಳಿದಾಗ, 1984ರ ಜನವರಿಯಲ್ಲಿ ಗೋಲಿಬಾರು ನಡೆದು ಐವರು ಪ್ರಾಣ ತೆತ್ತರು. ಭೂಮಿ ಕಳಕೊಂಡವರಿಗೆ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಯೋಜನೆಯ ಹಿಂದೆ ಆ ರಕ್ತವಿದೆ. ಆಮೇಲೆ ಬಂದವರು ನಾವು. 1999ರಲ್ಲಿ ಮುಲುಂಡ್-ಐರೋಲಿ ಸೇತುವೆಯಾಯಿತು, 2004ರಲ್ಲಿ ಥಾಣೆಯಿಂದ ಟ್ರಾನ್ಸ್‌ಹಾರ್ಬರ್ ರೈಲು ಬಂತು, ಐಟಿ ಪಾರ್ಕುಗಳು ಎದ್ದವು, ಹೋಟೆಲು ನಡೆಸುವವರ ಜೊತೆಗೆ ಕಂಪ್ಯೂಟರಿನ ಮುಂದೆ ಕೂರುವ ಕನ್ನಡಿಗರೂ ಸೆಕ್ಟರ್ ಸೆಕ್ಟರಿನಲ್ಲಿ ನೆಲೆಯೂರಿದರು. ನಾವು ಯಾರದನ್ನೂ ಕದ್ದಿಲ್ಲ, ಸಾಲ ಮಾಡಿ ಮನೆ ಕೊಂಡಿದ್ದೇವೆ. ಆದರೂ ಪ್ರಾಣಿಗಳ ಕಡೆಯಿಂದ ನೋಡಿದರೆ ನಾವು ಬೇಲಿಯೀಚೆಯವರೇ.

ಅದೃಷ್ಟಕ್ಕೆ ಇಲ್ಲಿನ ಖಾರಿ ಪೂರ್ತಿ ಹೋಗಿಲ್ಲ. ಸುಮಾರು 1,690 ಹೆಕ್ಟೇರು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಣೆಯಾಯಿತು, 2022ರಲ್ಲಿ ರಾಮ್‌ಸಾರ್ ತಾಣವೂ ಆಯಿತು. ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿಯಲ್ಲಿ ಹೋಗಿ ಆ ಗುಲಾಬಿ ಹಕ್ಕಿಗಳನ್ನು ನೋಡಬಹುದು. ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಬದಲು ಒಮ್ಮೆ ಅಲ್ಲಿಗೂ ಕರೆದೊಯ್ಯಬಾರದೇಕೆ?

ಇರಲಿ. ನಾನು ಮುಖ್ಯವಾಗಿ ಹೇಳಹೊರಟಿದ್ದು ಬೇರೆಯೇ.

ಸಿನಿಮಾ ಮುಗಿದ ಮೇಲೆ, ಪ್ರತಿ ಭಾನುವಾರದಂತೆ ಊರಿಗೆ ಫೋನು. ಕುಂದಾಪುರದ ಕಡೆಯ ಹಳ್ಳಿಯಲ್ಲಿರುವ ನನ್ನ ಅಮ್ಮ ಮೊಮ್ಮಗನನ್ನು ಕೇಳುವುದು ಯಾವಾಗಲೂ ಎರಡೇ ಪ್ರಶ್ನೆ: ಊಟ ಆಯ್ತಾ, ಪರೀಕ್ಷೆ ಯಾವಾಗ. ಅವನ ಉತ್ತರವೂ ಎರಡೇ. ಅಂದು ಮಾತ್ರ ಹುಡುಗ ಉಮೇದಿನಲ್ಲಿದ್ದ. ಅಜ್ಜಿಗೆ ಸಿನಿಮಾ ಹೇಳಲು ಹೊರಟ.

"ಅಜ್ಜಿ, ಒಂದು ರಕೂನ್ ಇರ್ತದೆ."

"ಎಂತದು ಮಗಾ ಅದು? ಬೆಕ್ಕಾ, ನಾಯಿಯಾ?"

ಹುಡುಗ ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ. ಆ ಪ್ರಾಣಿ ನಮ್ಮ ದೇಶದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಮುಂದೆ ಬಂದದ್ದು ಆಮೆ. ಅವನಿಗೆ 'ಟರ್ಟಲ್' ಗೊತ್ತು, ಶಾಲೆಯ ಮರಾಠಿಯಿಂದ 'ಕಾಸವ್' ಗೊತ್ತು, ಗೆಳೆಯರಿಂದ 'ಕಛುವಾ' ಗೊತ್ತು. ಅಳಿಲಿಗೂ ಅದೇ ಗತಿ. ಕದಿಯುವುದು, ಅಡಗುವುದು, ಮೋಸ ಹೋಗುವುದು, ನಾಚಿಕೆಯಾಗುವುದು... ಒಂದೊಂದು ಕ್ರಿಯಾಪದಕ್ಕೂ ಹುಡುಗ ತಡವರಿಸಿದ. ಎರಡು ನಿಮಿಷದಲ್ಲಿ "ತುಂಬಾ ಫನ್ನಿ ಉಂಟು ಅಜ್ಜಿ, ಬಾಯ್" ಎಂದು ಫೋನು ನನ್ನ ಕೈಗಿತ್ತು ಒಳಗೆ ಹೋದ. ಗಂಟೆಗಟ್ಟಲೆ ನಕ್ಕಿದ್ದ ಮಗುವಿಗೆ ಆ ನಗುವನ್ನು ಅಜ್ಜಿಗೆ ದಾಟಿಸಲು ಹತ್ತು ವಾಕ್ಯ ಇರಲಿಲ್ಲ.

ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತದೆ. 'ನೀರು ಕೊಡು', 'ಊಟ ಬೇಡ', 'ಅಪ್ಪ ಮನೆಯಲ್ಲಿಲ್ಲ' ಎನ್ನುವಷ್ಟು ಬರುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಮಾತಾಡುವವರ ಪಾಡೂ ಇದೇ ಎಂದು ಅನೇಕ ಬಂಧುಗಳು ಹೇಳಿದ್ದಾರೆ. ಆದರೆ ನಗುವ ಭಾಷೆ, ಜಗಳವಾಡುವ ಭಾಷೆ, ಕಥೆ ಕಟ್ಟುವ ಭಾಷೆ ಇಂಗ್ಲಿಷೋ ಹಿಂದಿಯೋ ಆಗಿಬಿಟ್ಟಿದೆ. ಸಂಘಗಳ ವಾರ್ಷಿಕೋತ್ಸವದಲ್ಲಿ ಮಕ್ಕಳು ಕನ್ನಡ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಹಾಡುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ, ಬಹುಮಾನವೂ ಸಿಗುತ್ತದೆ. ಆ ಪ್ರಯತ್ನ ಶ್ಲಾಘನೀಯವೇ. ಆದರೆ ವೇದಿಕೆಯಿಂದ ಇಳಿದ ಕೂಡಲೇ ಆ ಮಗು ಪಕ್ಕದ ಮಗುವಿನೊಂದಿಗೆ ಯಾವ ಭಾಷೆಯಲ್ಲಿ ಕಿಲಕಿಲ ಎನ್ನುತ್ತದೆ ಎಂಬುದನ್ನು ನಾವು ಕಿವಿಗೊಟ್ಟು ಕೇಳುವುದಿಲ್ಲ.

ಇದಕ್ಕೆ ನಮ್ಮ ಚಿತ್ರರಂಗವೂ ಸ್ವಲ್ಪ ಕಾರಣ ಎಂದರೆ ಕೆಲವರಿಗೆ ಸಿಟ್ಟು ಬಂದೀತು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದ ಕನ್ನಡದ ಹಿರಿಯರು ಡಬ್ಬಿಂಗ್ ಬೇಡವೆಂದು ಹೋರಾಡಿದರು. ಪರಭಾಷಾ ಚಿತ್ರಗಳ ಮಹಾಪೂರದಲ್ಲಿ ಕನ್ನಡ ಚಿತ್ರ, ಕನ್ನಡ ಕಲಾವಿದ ಕೊಚ್ಚಿಹೋಗುವ ಭಯ ಆಗ ನಿಜವಾಗಿತ್ತು. ಆ ಹೋರಾಟವನ್ನು ಲಘುವಾಗಿ ಕಾಣುವ ಯೋಗ್ಯತೆ ನಮಗಿಲ್ಲ. ಆದರೆ ಆ ಬೇಲಿ ನಂತರವೂ ದಶಕಗಟ್ಟಲೆ ಹಾಗೆಯೇ ನಿಂತಿತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ವಾಣಿಜ್ಯ ಮಂಡಳಿ ಮೊದಲಾದ ಸಂಘಟನೆಗಳಿಗೆ ದಂಡ ಹಾಕಿದ ಮೇಲೆ, 2017ರಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ತೆರೆಕಂಡಿತು. 2022ರಲ್ಲಿ 'ಅವತಾರ್'ನ ಎರಡನೇ ಭಾಗ ಕನ್ನಡ ಮಾತಾಡಿತು. 2025ರಲ್ಲಿ ಹೊಂಬಾಳೆಯವರು ಅರ್ಪಿಸಿದ 'ಮಹಾವತಾರ್ ನರಸಿಂಹ' ಎಂಬ ಅನಿಮೇಶನ್ ಚಿತ್ರ ಬೇರೆ ಭಾಷೆಗಳ ಜೊತೆಗೆ ಕನ್ನಡದಲ್ಲೂ ಬಂದು, ಮಕ್ಕಳ ಜೊತೆ ಅಜ್ಜ-ಅಜ್ಜಿಯರೂ ಚಿತ್ರಮಂದಿರಕ್ಕೆ ಹೋದರು.

ಕಾರ್ಟೂನಿನ ವಿಷಯದಲ್ಲಿ ಡಬ್ಬಿಂಗ್ ವಿರೋಧ ನನಗೆಂದೂ ಅರ್ಥವಾಗಿಲ್ಲ. ರಕೂನ್‌ಗೆ ಮಾತೃಭಾಷೆ ಯಾವುದು? ಇಂಗ್ಲಿಷಿನಲ್ಲೂ ಯಾರೋ ಮನುಷ್ಯರೇ ಅದಕ್ಕೆ ಕಂಠ ಕೊಟ್ಟದ್ದು. 'ಓವರ್ ದಿ ಹೆಜ್'ನಲ್ಲಿ ಆ ಕಂಠ ಬ್ರೂಸ್ ವಿಲ್ಲಿಸ್‌ನದ್ದು. ಅದನ್ನು ಕನ್ನಡದವರು ಕೊಟ್ಟರೆ ಯಾವ ಕಲಾವಿದನ ಅನ್ನಕ್ಕೂ ಕಲ್ಲು ಬೀಳುವುದಿಲ್ಲ, ಬದಲಿಗೆ ನಾಲ್ವರು ಕಂಠದಾನ ಕಲಾವಿದರಿಗೆ ಕೆಲಸ ಸಿಗುತ್ತದೆ. 2009ರಲ್ಲಿ ಚಿಂಟು ಟಿವಿ ಶುರುವಾದಾಗ ಕರ್ನಾಟಕದ ಮಕ್ಕಳಿಗೆ ಕನ್ನಡ ಕಾರ್ಟೂನ್ ಚಾನೆಲೊಂದು ದಕ್ಕಿತು. ಹೊರನಾಡಿನ ನಮ್ಮ ಮನೆಗಳ ರಿಮೋಟು ಮಾತ್ರ ಆ ಕಡೆ ಹೋಗುವುದೇ ಇಲ್ಲ.

ಬೆಂಗಳೂರಿನವರು ಡಬ್ ಮಾಡುವವರೆಗೆ ನಾವು ಕಾಯಬೇಕೇ? ಯಕ್ಷಗಾನ ತಾಳಮದ್ದಳೆಯ ಅರ್ಥಧಾರಿಗಳು ಮುಂಬಯಿ, ಡೊಂಬಿವಲಿ, ಥಾಣೆಯ ನಮ್ಮ ಬಾಂಧವರಲ್ಲೇ ಎಷ್ಟು ಮಂದಿಯಿಲ್ಲ! ವೇಷವಿಲ್ಲದೆ, ಕುಳಿತಲ್ಲೇ, ಬರೆದುಕೊಳ್ಳದೆ ಗಂಟೆಗಟ್ಟಲೆ ರಾವಣನೂ ಆಗುವ, ಮರುಕ್ಷಣ ವಿಭೀಷಣನೂ ಆಗುವ ವಾಗ್ಮಿಗಳು ಅವರು. ಅಂಥವರೊಬ್ಬರನ್ನು ಮಕ್ಕಳ ಮುಂದೆ ಕೂರಿಸಿ ಕರಡಿ-ಆಮೆಗಳ ಸಂವಾದ ನಡೆಸಲು ಹೇಳಿ ನೋಡಿ. ಸಭಾಗೃಹದಲ್ಲಿ ಸಿನಿಮಾ ತೋರಿಸುವುದಾದರೆ ಅನುಮತಿ ಪಡೆಯಬೇಕಾಗುತ್ತದೆ, ಆ ತಾಪತ್ರಯ ಬೇಡವಾದರೆ ಕಾಗೆ-ಹಾವಿನ ಕಥೆ ಸಾಕು, ಅದಕ್ಕೆ ಯಾರ ಅನುಮತಿಯೂ ಬೇಡ. ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೆ ಮಾಡುವ ಸನ್ಮಾನಗಳಲ್ಲಿ ಒಂದನ್ನು ಕಡಿಮೆ ಮಾಡಿದರೂ, ಶಾಲು-ಫಲಪುಷ್ಪದ ಖರ್ಚಿನಲ್ಲೇ ಇದು ನಡೆದುಹೋಗುತ್ತದೆ. ಅಧ್ಯಕ್ಷೀಯ ಭಾಷಣ ಮಾತ್ರ ಬೇಡ, ಮಕ್ಕಳು ಓಡಿಹೋಗುತ್ತಾರೆ.

ಮನೆಯಲ್ಲಂತೂ ಯಾರನ್ನೂ ಕೇಳಬೇಕಾಗಿಲ್ಲ. ಬುಧವಾರ ರಾತ್ರಿ ನಾನು ಅದೇ ಸಿನಿಮಾ ಹಾಕಿ ಟಿವಿಯ ದನಿ ಪೂರ್ತಿ ತಗ್ಗಿಸಿದೆ. ಕರಡಿಗೆ ನಾನು ಮಾತು ಕೊಟ್ಟೆ, ಸೊಸೈಟಿ ಅಧ್ಯಕ್ಷೆಗೆ ನನ್ನ ಹೆಂಡತಿ ಕೊಟ್ಟಳು. (ಯಾರ ಅನುಕರಣೆ ಎಂಬುದನ್ನು ಇಲ್ಲಿ ಬರೆಯಲಾರೆ.) ಮಗ ಮೊದಲು "ಪಪ್ಪಾ, ಸೌಂಡ್ ಹಾಕಿ" ಎಂದು ಗೋಗರೆದ. ಹತ್ತು ನಿಮಿಷ ಬಿಟ್ಟು, ಅಳಿಲು ತಪ್ಪು ಹೇಳುತ್ತಿದೆ ಎಂದು ನನ್ನನ್ನು ತಿದ್ದತೊಡಗಿದ. ಆಮೇಲೆ ಅಳಿಲು ಅವನದ್ದೇ ಆಯಿತು. ವ್ಯಾಕರಣ ತಪ್ಪಿತ್ತು, ಲಿಂಗ ತಪ್ಪಿತ್ತು, ನಡುನಡುವೆ ಹಿಂದಿ ನುಸುಳಿತ್ತು. ನಾನು ಒಂದನ್ನೂ ತಿದ್ದಲಿಲ್ಲ.

ಈ ಭಾನುವಾರ ಫೋನಿನಲ್ಲಿ ಕಥೆ ಮುಂದುವರಿಯಿತು. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ ಕಳ್ಳಬೆಕ್ಕಿನಂಥ ಪ್ರಾಣಿ ಎಂಬಲ್ಲಿಗೆ ಅಜ್ಜಿಗೆ ರಕೂನ್ ಅರ್ಥವಾಯಿತು. ಕೇಳುತ್ತಾ ಕೇಳುತ್ತಾ ಅವರು ತಮ್ಮ ಕಥೆ ತೆಗೆದರು. ತೋಟಕ್ಕೆ ಬರುವ ಮಂಗಗಳಲ್ಲಿ ಒಂದು ಮಾಡಿನ ಮೇಲೆ ಕಾವಲು ಕೂರುವುದು, ಉಳಿದವು ಎಳನೀರು ಕೊಯ್ದು ಕೆಡವುವುದು, ಅಜ್ಜಿ ಕೋಲು ಹಿಡಿದು ಹೊರಟ ಕೂಡಲೇ ಕಾವಲಿನದ್ದು ಕೂಗು ಹಾಕುವುದು. "ನಿನ್ನ ಸಿನಿಮಾದ ಕಳ್ಳರಿಗಿಂತ ನಮ್ಮ ಕಳ್ಳರು ಜೋರು ಮಗಾ." ಹುಡುಗ ಫೋನು ಕಿವಿಗೆ ಒತ್ತಿಕೊಂಡು ನಗುತ್ತಿದ್ದ. ನಡುವೆ ನನ್ನತ್ತ ತಿರುಗಿ, ಹೈಬರ್ನೇಶನ್‌ಗೆ ಕನ್ನಡದಲ್ಲಿ ಏನು ಎಂದು ಕೇಳಿದ. 'ಶಿಶಿರನಿದ್ರೆ' ಎಂಬ ಪುಸ್ತಕದ ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಅಜ್ಜಿಯೇ ಆಚೆಯಿಂದ ಹೇಳಿದರು, "ಬೇಸಗೆಯಲ್ಲಿ ಕಪ್ಪೆ ಮಣ್ಣಿನಡಿ ಮಲಗಿ ಮಳೆ ಬಂದ ಮೇಲೆ ಏಳ್ತದಲ್ಲ, ಹಾಗೆ." ಈ ಮೇ ತಿಂಗಳಲ್ಲಿ ಊರಿಗೆ ಹೋದಾಗ ಮಂಗಗಳನ್ನೂ, ಮಳೆ ಬೇಗ ಬಂದರೆ ಕಪ್ಪೆಗಳನ್ನೂ ತೋರಿಸುವುದೆಂದು ಅವರಿಬ್ಬರೇ ಮಾತಾಡಿ ಗೊತ್ತುಮಾಡಿಕೊಂಡಿದ್ದಾರೆ. ನಾನು ರೈಲಿನ ಟಿಕೆಟು ನೋಡಬೇಕು.